ಟವರ್ ಇಲ್ಲದ ಏರ್‌ಪೋರ್ಟಿನಲ್ಲಿ ಪುಟ್ಟ ವಿಮಾನಗಳು ಡಿಕ್ಕಿಯಾಗದೆ ಇಳಿಯುವುದು ಹೇಗೆ?

ಪ್ರಶ್ನೆ: ನನ್ನ ಮಗ ಕ್ಯಾಲಿಫೋರ್ನಿಯಾದಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದಾನೆ. ಅವನು ಅಭ್ಯಾಸಕ್ಕೆ ಹೋಗುವ ಏರ್‌ಪೋರ್ಟಿನಲ್ಲಿ ಕಂಟ್ರೋಲ್ ಟವರೇ ಇಲ್ಲವಂತೆ, ‘ಇಳಿ’ ಎಂದು ಹೇಳುವವರು ಯಾರೂ ಇಲ್ಲವಂತೆ. ಇದನ್ನು ಕೇಳಿದ ದಿನದಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಒಂದೇ ರನ್‌ವೇಗೆ ಎರಡು ವಿಮಾನ ಒಟ್ಟಿಗೆ ಬಂದರೆ ಯಾರು ನೋಡಿಕೊಳ್ಳುತ್ತಾರೆ?

ಉತ್ತರ: ಪೈಲಟ್‌ಗಳೇ ನೋಡಿಕೊಳ್ಳುತ್ತಾರೆ. ಉತ್ತರ ಇಷ್ಟು ಚಿಕ್ಕದಾದರೆ ನಿಮ್ಮ ಆತಂಕ ಹೆಚ್ಚೀತು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮೊದಲಿಗೆ, ನಿಮ್ಮ ಮಗ ಹೇಳಿದ್ದು ಅಪರೂಪದ ಸಂಗತಿಯಲ್ಲ. ಅಮೆರಿಕದಲ್ಲಿ ಸಾರ್ವಜನಿಕ ಬಳಕೆಗೆ ತೆರೆದಿರುವ ಏರ್‌ಪೋರ್ಟುಗಳು 5000ದಷ್ಟಿವೆ. ಟವರ್ ಇರುವುದು 500 ಚಿಲ್ಲರೆಯಲ್ಲಿ ಮಾತ್ರ. ಉಳಿದೆಡೆ ಪೈಲಟ್‌ಗಳು ಒಬ್ಬರಿಗೊಬ್ಬರು ಹೇಳಿಕೊಂಡು, ನೋಡಿಕೊಂಡು, ಸರದಿ ಮಾಡಿಕೊಂಡು ಇಳಿಯುತ್ತಾರೆ.

ಈ ಸರದಿಗೆ ಒಂದು ಆಕಾರವಿದೆ. ರನ್‌ವೇಯೇ ಒಂದು ಬದಿಯಾಗಿರುವ ಉದ್ದನೆಯ ಆಯತವನ್ನು ನೆಲದಿಂದ ಸುಮಾರು 1000 ಅಡಿ ಮೇಲೆ ಕಲ್ಪಿಸಿಕೊಳ್ಳಿ. ಅಮೆರಿಕದವರು ಇದನ್ನು ಪ್ಯಾಟರ್ನ್ ಎನ್ನುತ್ತಾರೆ, ನಮ್ಮಲ್ಲಿ ಸರ್ಕ್ಯೂಟ್. ಬೆಂಗಳೂರಿನ ಜಕ್ಕೂರಿನ ಆಸುಪಾಸಿನವರು ತರಬೇತಿ ವಿಮಾನಗಳು ಸುತ್ತಿದ್ದನ್ನೇ ಸುತ್ತುವುದನ್ನು ಕಂಡಿರುತ್ತಾರೆ, ಅದೇ ಇದು. ಇಳಿಯುವ ದಿಕ್ಕಿಗೆ ಬೆನ್ನು ಹಾಕಿ ರನ್‌ವೇ ಪಕ್ಕದಲ್ಲೇ ಹಾರುವ ಉದ್ದ ಬದಿ ಡೌನ್‌ವಿಂಡ್. ಅಲ್ಲಿಂದ ತಿರುಗಿದರೆ ಸಿಗುವ ಗಿಡ್ಡ ಬದಿ ಬೇಸ್. ಇನ್ನೊಮ್ಮೆ ತಿರುಗಿದರೆ ರನ್‌ವೇ ಕಣ್ಣೆದುರೇ ಬಂದು ನಿಲ್ಲುತ್ತದೆ, ಅದು ಫೈನಲ್. ದೇವಸ್ಥಾನದಲ್ಲಿ ಗರ್ಭಗುಡಿಯನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಹಾಕುತ್ತೇವಲ್ಲ, ಇಲ್ಲಿ ಅದರ ತದ್ವಿರುದ್ಧ. ಬೇರೆ ಸೂಚನೆ ಇಲ್ಲದ ಕಡೆ ತಿರುವುಗಳೆಲ್ಲ ಎಡಕ್ಕೇ. ಪೈಲಟ್ ಕೂರುವುದು ಎಡ ಸೀಟಿನಲ್ಲಿ, ಅವನಿಗೆ ರನ್‌ವೇ ಕಾಣುತ್ತಲೇ ಇರಬೇಕು. ಹೊರಗಿನಿಂದ ಬರುವವರು ಡೌನ್‌ವಿಂಡ್‌ನ ನಡುಭಾಗಕ್ಕೆ 45 ಡಿಗ್ರಿ ಓರೆಯಲ್ಲಿ ಬಂದು ಸೇರಿಕೊಳ್ಳುವುದು ರೂಢಿ.

ಇದರಿಂದ ಆಗುವ ದೊಡ್ಡ ಉಪಕಾರವೆಂದರೆ ಇಡೀ ಆಕಾಶವನ್ನು ಜಾಲಾಡುವ ಕೆಲಸ ತಪ್ಪುತ್ತದೆ. ಇನ್ನೊಬ್ಬನು ಎಲ್ಲಿ ಇರಬೇಕೋ ಅಲ್ಲಿ ಕಣ್ಣು ಹಾಯಿಸಿದರೆ ಅವನು ಸಿಗುತ್ತಾನೆ.

ಎರಡನೆಯದು ರೇಡಿಯೋ. ಆ ಊರಿನ ಏರ್‌ಪೋರ್ಟಿಗೆಂದು ಗೊತ್ತುಮಾಡಿದ ತರಂಗದಲ್ಲಿ, ಸುಮಾರು ಹತ್ತು ಮೈಲಿ ದೂರದಲ್ಲಿರುವಾಗಲೇ ಪೈಲಟ್ ತಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಏನು ಮಾಡಲಿದ್ದೇನೆ ಎಂದು ಹೇಳಬೇಕು. ಆಮೇಲೆ ಆಯತದ ಪ್ರತಿ ತಿರುವಿನಲ್ಲೂ ಹೇಳುತ್ತಾ ಬರಬೇಕು. ಮಾತಿನ ಮೊದಲಿಗೂ ಕೊನೆಗೂ ಊರಿನ ಹೆಸರು ಬರುವುದನ್ನು ನಿಮ್ಮ ಮಗ ಕಳಿಸುವ ವಿಡಿಯೋಗಳಲ್ಲಿ ಕೇಳಿರಬಹುದು. ಅದು ಶಿಷ್ಟಾಚಾರಕ್ಕಲ್ಲ. 122.8 ಮೆಗಾಹರ್ಟ್ಸ್‌ನಂಥ ಒಂದೇ ತರಂಗವನ್ನು ಹಲವಾರು ಊರುಗಳು ಹಂಚಿಕೊಂಡಿರುತ್ತವೆ. ಹೆಸರು ಹೇಳದಿದ್ದರೆ ‘ಬೇಸ್‌ಗೆ ತಿರುಗುತ್ತಿದ್ದೇನೆ’ ಎಂದವನು ಇಲ್ಲಿಯವನೋ ಪಕ್ಕದ ಕಣಿವೆಯವನೋ ತಿಳಿಯುವುದಿಲ್ಲ.

ಇಷ್ಟೆಲ್ಲ ಇದ್ದೂ ಡಿಕ್ಕಿ ಆಗುತ್ತದೆಯೇ? ಆಗಿದೆ. ನಿಮ್ಮಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದೂ ಹೆಚ್ಚಾಗಿ ಹಾಡಹಗಲಿನಲ್ಲಿ, ಆಕಾಶ ತಿಳಿಯಾಗಿದ್ದಾಗ, ಏರ್‌ಪೋರ್ಟಿನ ಹತ್ತಿರದಲ್ಲೇ ಆಗುತ್ತದೆ. ಎಲ್ಲರೂ ಬಂದು ಸೇರುವ ಜಾಗ ಅದೇ ತಾನೆ.

2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ನಡೆದದ್ದನ್ನು ನೋಡಿ. ಅಲ್ಲೂ ಟವರ್ ಇಲ್ಲ. ಎರಡು ಸೀಟಿನ ಸೆಸ್ನಾ 152 ಒಂದು ಆಯತದಲ್ಲಿ ಸುತ್ತುತ್ತಿತ್ತು, ಅದರಲ್ಲಿದ್ದದ್ದು ಪೈಲಟ್ ಒಬ್ಬರೇ. ಎರಡು ಎಂಜಿನ್‌ನ ಸೆಸ್ನಾ 340 ಹೊರಗಿನಿಂದ ಬಂತು. ಅದು ಆಯತಕ್ಕೆ ಸೇರದೆ ನೇರವಾಗಿ ಫೈನಲ್ ಹಿಡಿಯಿತು. ಹತ್ತು ಮೈಲಿಯಲ್ಲಿ ಹೇಳಿತು, ಮೂರು ಮೈಲಿಯಲ್ಲಿ ಮತ್ತೆ ಹೇಳಿತು. 152ರ ಪೈಲಟ್ ಕೂಡ ತನ್ನ ತಿರುವುಗಳನ್ನು ಹೇಳಿದರು. ಹಿಂದಿನಿಂದ ಬರುತ್ತಿರುವ ವಿಮಾನವನ್ನು ಅವರು ಕಂಡಿದ್ದರು. ಅದು ತೀರಾ ವೇಗವಾಗಿ ಬರುತ್ತಿದೆ, ತಾನು ಇಳಿಯದೆ ಮೇಲೇರುತ್ತೇನೆ ಎಂದೂ ಹೇಳಿದರು. ಕೆಲವೇ ಕ್ಷಣದಲ್ಲಿ ಡಿಕ್ಕಿಯಾಯಿತು. 152ರಲ್ಲಿದ್ದವರು, 340ರಲ್ಲಿದ್ದ ಇಬ್ಬರು, ಮೂವರೂ ಉಳಿಯಲಿಲ್ಲ. ನೇರವಾಗಿ ಬರುತ್ತಿದ್ದ 340ರ ಪೈಲಟ್ ಇನ್ನೊಂದು ವಿಮಾನವನ್ನು ಕಂಡು ತಪ್ಪಿಸದೇ ಹೋದದ್ದೇ ಕಾರಣ ಎಂದು ಅಲ್ಲಿನ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ನಿರ್ಣಯಿಸಿತು.

ಇಲ್ಲಿ ಯಾರೂ ಮೌನವಾಗಿರಲಿಲ್ಲ ಎಂಬುದೇ ನನ್ನನ್ನು ಬಹಳ ಕಾಡುವ ಸಂಗತಿ. ಎಲ್ಲ ಮಾತೂ ಆಡಲಾಗಿತ್ತು, ಆದರೆ ಆಡಿದ ಮಾತಿನ ಅಳತೆ ಇಬ್ಬರಿಗೂ ಒಂದೇ ಆಗಿರಲಿಲ್ಲ. 340 ಬರುತ್ತಿದ್ದದ್ದು ಸುಮಾರು 180 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 330 ಕಿಲೋಮೀಟರಿಗೂ ಮೇಲೆ. ಆ ವೇಗದಲ್ಲಿ ಮೂರು ನಾಟಿಕಲ್ ಮೈಲಿ ಎಂದರೆ ಒಂದು ನಿಮಿಷ. ಫೈನಲ್‌ನಲ್ಲಿ 60-65 ನಾಟ್‌ನಲ್ಲಿ ತೇಲಿಬರುವ 152ಕ್ಕೆ ಅದೇ ಮೂರು ಮೈಲಿಗೆ ಹತ್ತಿರಹತ್ತಿರ ಮೂರು ನಿಮಿಷ ಬೇಕು. ‘ಮೂರು ಮೈಲಿ’ ಎಂದು ಕೇಳಿದವನು ತನ್ನ ಗಡಿಯಾರದಲ್ಲಿ ಲೆಕ್ಕ ಹಾಕಿದರೆ ಇನ್ನೂ ಬೇಕಾದಷ್ಟು ಹೊತ್ತಿದೆ ಅನ್ನಿಸುತ್ತದೆ.

ಫೈನಲ್‌ನಲ್ಲಿರುವ ವಿಮಾನಕ್ಕೆ ಮೊದಲ ಹಕ್ಕು ಎಂದು ಅಮೆರಿಕದ ನಿಯಮ ಹೇಳುತ್ತದೆ. ನೇರವಾಗಿ ಬರುವುದಕ್ಕೂ ನಿಷೇಧವಿಲ್ಲ. ಆದರೂ ಆಯತದಲ್ಲಿ ಬೇರೆಯವರು ಸುತ್ತುತ್ತಿರುವಾಗ, ಅದರಲ್ಲೂ ಅವರಲ್ಲಿ ಕಲಿಯುವವರು ಇರುವಾಗ, ವೇಗದ ವಿಮಾನ ಎರಡು ನಿಮಿಷ ಉಳಿಸಲು ನೇರವಾಗಿ ನುಗ್ಗುವುದು ತಪ್ಪು ಎಂದೇ ನನ್ನ ನಂಬಿಕೆ. ವೇಗ ಇಳಿಸಿ, ಸುತ್ತಿಬಂದು, ಸರದಿಯಲ್ಲಿ ನಿಲ್ಲುವುದರಿಂದ ಕಳೆದುಕೊಳ್ಳುವುದು ಸ್ವಲ್ಪ ಇಂಧನ ಮಾತ್ರ.

ಇನ್ನು ಕಣ್ಣಿನ ವಿಷಯ. ಗಲ್ಲಿ ಕ್ರಿಕೆಟ್ ಆಡಿದವರಿಗೆ ಇದು ಬೇಗ ತಿಳಿಯುತ್ತದೆ. ಚೆಂಡು ಎಡಕ್ಕೋ ಬಲಕ್ಕೋ ಸರಿಯುತ್ತಿದ್ದರೆ ಅದು ನಿಮ್ಮನ್ನು ದಾಟಿ ಹೋಗುತ್ತದೆ. ಕಣ್ಣೆದುರು ನಿಂತಲ್ಲೇ ನಿಂತು ದೊಡ್ಡದಾಗುತ್ತಿದ್ದರೆ ಅದು ನಿಮ್ಮ ಮುಖಕ್ಕೇ ಬರುತ್ತಿದೆ. ಡಿಕ್ಕಿಯ ದಾರಿಯಲ್ಲಿರುವ ವಿಮಾನವೂ ಹಾಗೆಯೇ, ಗಾಜಿನ ಮೇಲೆ ಕದಲದ ಚುಕ್ಕೆಯಾಗಿ ಕೂತಿರುತ್ತದೆ. ನಮ್ಮ ಕಣ್ಣು ಗಮನಿಸುವುದು ಕದಲುವುದನ್ನು, ಆದ್ದರಿಂದ ನಿಜವಾಗಿ ಅಪಾಯ ತರುವ ವಿಮಾನವೇ ಎಲ್ಲಕ್ಕಿಂತ ಕಡಿಮೆ ಎದ್ದು ಕಾಣುತ್ತದೆ. ಅದು ಬಹಳ ಹೊತ್ತು ಚುಕ್ಕೆಯಾಗಿಯೇ ಇದ್ದು, ಕೊನೆಯ ಕೆಲವು ಸೆಕೆಂಡುಗಳಲ್ಲಿ ಥಟ್ಟನೆ ಹಿಗ್ಗುತ್ತದೆ. ಖಾಲಿ ನೀಲಿ ಆಕಾಶವನ್ನು ಸುಮ್ಮನೆ ದಿಟ್ಟಿಸಿದರೆ ಕಣ್ಣಿನ ದೃಷ್ಟಿ ತಾನಾಗಿಯೇ ಹತ್ತಿರಕ್ಕೆ ಬಂದು ನಿಂತುಬಿಡುವ ತೊಂದರೆ ಬೇರೆ. ಹಾಗಾಗಿ ಆಕಾಶವನ್ನು ಹತ್ತತ್ತು ಡಿಗ್ರಿಯ ತುಂಡುಗಳಾಗಿ ಮಾಡಿಕೊಂಡು, ಪ್ರತಿ ತುಂಡಿನಲ್ಲೂ ಕನಿಷ್ಠ ಒಂದು ಸೆಕೆಂಡು ನಿಂತು ನೋಡಲು ಕಲಿಸುತ್ತಾರೆ.

ಕಂಡ ಮೇಲೂ ಹೊತ್ತು ಬೇಕು. ವಸ್ತುವನ್ನು ಕಾಣುವುದು, ಅದು ವಿಮಾನ ಎಂದು ಗುರುತಿಸುವುದು, ನನ್ನ ಕಡೆಗೇ ಬರುತ್ತಿದೆ ಎಂದು ಅರಿಯುವುದು, ಯಾವ ಕಡೆ ತಿರುಗಲಿ ಎಂದು ನಿರ್ಧರಿಸುವುದು, ಕೈ ಆಡಿಸುವುದು, ವಿಮಾನ ಅದಕ್ಕೆ ಸ್ಪಂದಿಸುವುದು. ಇವೆಲ್ಲ ಸೇರಿ 12.5 ಸೆಕೆಂಡು ಎಂದು ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ಪೈಲಟ್‌ಗಳಿಗೆ ಕೊಡುವ ಲೆಕ್ಕ. ಅದರಲ್ಲಿ ಅರಿಯುವುದಕ್ಕೇ 5 ಸೆಕೆಂಡು, ನಿರ್ಧರಿಸುವುದಕ್ಕೆ 4. ಕೈ ಆಡಿಸಲು 0.4 ಸೆಕೆಂಡು ಸಾಕು.

ವಿಮಾನದ ಮೈಕಟ್ಟೂ ಕಣ್ಣಿಗೆ ಅಡ್ಡ ಬರುತ್ತದೆ. ಸೆಸ್ನಾ 152, 172ಗಳಲ್ಲಿ ರೆಕ್ಕೆ ಪೈಲಟ್‌ನ ತಲೆಯ ಮೇಲಿರುತ್ತದೆ, ಅವನಿಗೆ ನೆಲ ಚೆನ್ನಾಗಿ ಕಾಣುತ್ತದೆ, ಮೇಲಿರುವುದು ಕಾಣದು. ಪೈಪರ್ ಚೆರೋಕಿಯಂಥವುಗಳಲ್ಲಿ ರೆಕ್ಕೆ ಕೆಳಗೆ, ಅಲ್ಲಿ ಕೆಳಗಿರುವುದು ಮರೆ. ಸೆಸ್ನಾ ಕೆಳಗೆ, ಪೈಪರ್ ಅದರ ನೆತ್ತಿಯ ಮೇಲೆ, ಎರಡೂ ಒಂದೇ ರನ್‌ವೇಗೆ ಇಳಿಯುತ್ತಿವೆ ಎಂದುಕೊಳ್ಳಿ. ಇಬ್ಬರೂ ಎಚ್ಚರವಾಗಿದ್ದರೂ ಇಬ್ಬರಿಗೂ ಇನ್ನೊಬ್ಬರು ಕಾಣುವುದಿಲ್ಲ. ಆದ್ದರಿಂದಲೇ ತಿರುಗುವ ಮುಂಚೆ ರೆಕ್ಕೆ ಎತ್ತಿ ನೋಡುತ್ತಾರೆ, ಫೈನಲ್‌ಗೆ ತಿರುಗುವಾಗ ರನ್‌ವೇ ಕಡೆ ಮಾತ್ರವಲ್ಲದೆ ಅದರ ಎದುರು ದಿಕ್ಕಿಗೂ ಕತ್ತು ಹೊರಳಿಸುತ್ತಾರೆ. ನೇರವಾಗಿ ನುಗ್ಗುವವನು ಬರುವುದು ಆ ಕಡೆಯಿಂದಲೇ.

ಯಂತ್ರದ ಸಹಾಯವೂ ಇದೆ. ತನ್ನ ಜಾಗವನ್ನು ತಾನೇ ಸಾರುವ ಎಡಿಎಸ್-ಬಿ ಉಪಕರಣ ಅಮೆರಿಕದಲ್ಲಿ 2020ರ ಜನವರಿ 1ರಿಂದ ಹಲವು ವಾಯುಪ್ರದೇಶಗಳಲ್ಲಿ ಕಡ್ಡಾಯ. ಆದರೆ ಟವರ್ ಇಲ್ಲದ ಎಷ್ಟೋ ಹಳ್ಳಿ ರನ್‌ವೇಗಳ ಸುತ್ತ ಕಡ್ಡಾಯವಲ್ಲ. ರೇಡಿಯೋ ಕೂಡ ಇಲ್ಲದ ಹಳೇ ವಿಮಾನಗಳು ಅಲ್ಲಿ ಕಾನೂನುಬದ್ಧವಾಗಿಯೇ ಹಾರುತ್ತವೆ. ಪರದೆ ಖಾಲಿ ಇದ್ದ ಮಾತ್ರಕ್ಕೆ ಆಕಾಶ ಖಾಲಿ ಎಂದು ತಿಳಿಯುವಂತಿಲ್ಲ.

ಟವರ್ ಇದ್ದರೆ ಸಾಕಿತ್ತು ಎಂದೂ ಅಂದುಕೊಳ್ಳಬೇಡಿ. 2021ರ ಮೇ 12ರಂದು ಕೊಲೊರಾಡೊದ ಸೆಂಟೆನಿಯಲ್ ಏರ್‌ಪೋರ್ಟಿಗೆ ಇಳಿಯುತ್ತಿದ್ದ ಸಿರಸ್ ಎಸ್‌ಆರ್22 ಎಂಬ ಪುಟ್ಟ ವಿಮಾನ ತನ್ನ ರನ್‌ವೇಯ ನೇರವನ್ನು ದಾಟಿ, ಪಕ್ಕದ ರನ್‌ವೇಗೆ ಬರುತ್ತಿದ್ದ ಮೆಟ್ರೋಲೈನರ್ ಎಂಬ ಇನ್ನೊಂದು ವಿಮಾನಕ್ಕೆ ಬಡಿಯಿತು. ಅಲ್ಲಿ ಟವರ್ ಕೆಲಸ ಮಾಡುತ್ತಲೇ ಇತ್ತು. ಸಿರಸ್‌ನಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇದ್ದದ್ದರಿಂದ ಅದರಲ್ಲಿದ್ದ ಇಬ್ಬರು ಬದುಕಿದರು. ಮೈ ಬಗಿದುಹೋಗಿದ್ದರೂ ಮೆಟ್ರೋಲೈನರ್ ಕೂಡ ಕ್ಷೇಮವಾಗಿ ಇಳಿಯಿತು.

ನಿಮ್ಮ ಮಗ ಮುಂದಿನ ಸಲ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳಿದ ಮೇಲೆ ಇದನ್ನೂ ಕೇಳಿ: ಮುಂದಿರುವ ವಿಮಾನ ಕಣ್ಣಿಗೆ ಬೀಳದಿದ್ದರೆ ಏನು ಮಾಡುತ್ತೀಯ? ‘ಬೇಸ್‌ಗೆ ತಿರುಗುವುದಿಲ್ಲ, ಅವನು ಎಲ್ಲಿದ್ದಾನೆಂದು ರೇಡಿಯೋದಲ್ಲಿ ಕೇಳುತ್ತೇನೆ, ಆಗಲೂ ಕಾಣದಿದ್ದರೆ ಆಯತ ಬಿಟ್ಟು ಹೊರಗೆ ಹೋಗಿ ಮತ್ತೆ ಬರುತ್ತೇನೆ’ ಎಂದು ಅವನು ತಡವರಿಸದೆ ಹೇಳಿದರೆ, ಆವತ್ತು ರಾತ್ರಿ ನೀವು ನಿದ್ದೆ ಮಾಡಬಹುದು.