ಪುಟ ಕದಲದೆ ಮಾಹಿತಿ ಬರುವ ಬಗೆ

ಗೂಗಲ್‌ನಲ್ಲಿ ‘ಮೈಸೂ’ ಎಂದು ಟೈಪ್ ಮಾಡುವಷ್ಟರಲ್ಲೇ ಕೆಳಗೆ ಒಂದು ಪಟ್ಟಿ ಇಳಿಯುತ್ತದೆ. ಅರಮನೆ, ದಸರಾ, ಪಾಕ್, ಎಲ್ಲ ಅದರಲ್ಲಿರುತ್ತವೆ. ಈ ಹೆಸರುಗಳನ್ನೆಲ್ಲ ನಮ್ಮ ಫೋನು ಬಾಯಿಪಾಠ ಮಾಡಿಕೊಂಡಿರುವುದಿಲ್ಲ. ನಾವು ಅಕ್ಷರ ಒತ್ತುತ್ತಿದ್ದ ಹಾಗೇ ಎಲ್ಲೋ ದೂರದಲ್ಲಿ ಮಾಹಿತಿ ಇಟ್ಟುಕೊಂಡಿರುವ ಸರ್ವರ್ ಕಂಪ್ಯೂಟರನ್ನು ಕೇಳಿ ತಂದಿರುತ್ತದೆ. ಇಷ್ಟೆಲ್ಲ ಓಡಾಟ ನಡೆದರೂ ಪುಟ ಒಮ್ಮೆಯೂ ಬಿಳಿಚಿಕೊಳ್ಳುವುದಿಲ್ಲ.

ವೆಬ್ ಮೊದಲು ಹೀಗಿರಲಿಲ್ಲ. ಅದನ್ನು ಕಟ್ಟಿದ್ದು ದಾಖಲೆಗಳನ್ನು ಓದುವುದಕ್ಕೆ. ಲಿಂಕ್ ಒತ್ತಿದರೆ ಹಳೆಯ ಪುಟ ಹೋಗಿ ಹೊಸದು ಬರಬೇಕು, ನಿಯಮ ಅಷ್ಟೇ. ಓದುವುದಕ್ಕೆ ಇದು ಸಾಕು, ಕೆಲಸ ಮಾಡುವುದಕ್ಕೆ ಸಾಲದು. ಒಂದು ಇಮೇಲ್ ಅಳಿಸಿದರೂ ಮೆನು, ಚಿತ್ರ, ಪಟ್ಟಿ ಎಲ್ಲವೂ ಮೊದಲಿಂದ ಬರಬೇಕಿತ್ತು. ಇನ್ನೊಂದು ಸೌಟು ಸಾರು ಕೇಳಿದರೆ ಎಲೆಯನ್ನೇ ಎತ್ತಿ, ಹೊಸ ಎಲೆ ಹಾಕಿ, ಉಪ್ಪಿನಿಂದ ಮತ್ತೆ ಬಡಿಸಿದ ಹಾಗೆ.

ಇದರ ಕಿರಿಕಿರಿ ಇಮೇಲ್ ತಂತ್ರಾಂಶ ಮಾಡುವವರಿಗೆ ಚೆನ್ನಾಗಿಯೇ ತಟ್ಟಿತು. ಮೈಕ್ರೋಸಾಫ್ಟ್‌ನಲ್ಲಿ ಔಟ್‌ಲುಕ್ ಅನ್ನು ಬ್ರೌಸರಿನಲ್ಲಿ ಓಡಿಸಲು ಹೊರಟಿದ್ದ ತಂಡದ ಅಲೆಕ್ಸ್ ಹಾಪ್‌ಮನ್ ಅದಕ್ಕಾಗಿ, ಪುಟ ಬದಲಿಸದೆ ಸರ್ವರ್ ಕಡೆಯಿಂದ ಮಾಹಿತಿ ತರುವ ಒಂದು ಚಿಕ್ಕ ಕೋಡ್ ತುಣುಕು ಬರೆದರು. ಅದನ್ನು ಬ್ರೌಸರಿನೊಳಗೆ ಸೇರಿಸಬೇಕಲ್ಲ? ಎಕ್ಸ್‌ಎಂಎಲ್ (ಮಾಹಿತಿಯನ್ನು ಬರೆದಿಡುವ ಒಂದು ರೂಪ) ಓದುವ ಲೈಬ್ರರಿಯೊಂದು, ಅಂದರೆ ಸಿದ್ಧ ಕೋಡಿನ ಕಟ್ಟು, ಹೇಗೂ ಬ್ರೌಸರಿನ ಜೊತೆ ಹೊರಡಲು ಸಿದ್ಧವಾಗಿತ್ತು. ಅದರ ಜೊತೆಗೇ ಇದನ್ನೂ ಕಳಿಸಿದರು. ‘ಎಕ್ಸ್‌ಎಂಎಲ್‌ಎಚ್‌ಟಿಟಿಪಿ’ ಎಂಬ ಬಾಯಿ ತಿರುಗದ ಹೆಸರು ಅಂಟಿಕೊಂಡಿದ್ದು ಹಾಗೆ. 1999ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಅದು ಜನರ ಕಂಪ್ಯೂಟರಿಗೆ ಬಂತು. ಆಮೇಲೆ ಮೊಝಿಲ್ಲಾ ಎಂಬ ಇನ್ನೊಂದು ಬ್ರೌಸರಿನವರೂ ಅದೇ ಕೆಲಸ ಮಾಡುವ ತಮ್ಮದೊಂದನ್ನು ಸೇರಿಸಿದರು.

ಆದರೂ ಹೆಚ್ಚಿನವರ ಕಣ್ಣಿಗೆ ಅದು ಬೀಳಲೇ ಇಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ ಬಂತು. 2005ರ ಫೆಬ್ರುವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂತು. ನಕ್ಷೆಯನ್ನು ಮೌಸ್‌ನಿಂದ ಹಿಡಿದು ಎಳೆದರೆ ಪಕ್ಕದ ಊರು ತಾನಾಗಿ ಬಂದು ಕೂಡಿಕೊಳ್ಳುತ್ತಿತ್ತು. ಅದೇ ತಿಂಗಳು ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬ ವಿನ್ಯಾಸಕಾರ ಈ ಬಗೆಯ ಕೆಲಸಕ್ಕೆ ‘ಅಜಾಕ್ಸ್’ ಎಂದು ಹೆಸರಿಟ್ಟರು. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು.

ಒಳಗೆ ನಡೆಯುವುದು ಇಷ್ಟು. ಪುಟದಲ್ಲಿರುವ ಜಾವಾಸ್ಕ್ರಿಪ್ಟ್ ಕೋಡ್ (ಸ್ಕ್ರಿಪ್ಟ್) ಬ್ರೌಸರಿಗೆ ಹೇಳುತ್ತದೆ: ಈ ವಿಳಾಸಕ್ಕೆ ಈ ಪ್ರಶ್ನೆ ಕಳಿಸು, ಉತ್ತರ ಬಂದಾಗ ನನ್ನ ಈ ಫಂಕ್ಷನ್ನನ್ನು, ಅಂದರೆ ಕೋಡಿನ ಈ ತುಂಡನ್ನು, ಕರೆ. ಹೇಳಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ, ಕಾಯುತ್ತ ಕೂರುವುದಿಲ್ಲ. ಅಷ್ಟು ಹೊತ್ತು ನೀವು ಸ್ಕ್ರಾಲ್ ಮಾಡಬಹುದು, ಟೈಪ್ ಮಾಡಬಹುದು. ಉತ್ತರವಾಗಿ ಬರುವುದು ಪುಟವಲ್ಲ, ಬರಿ ಮಾಹಿತಿ. ಈಗ ಅದು ಎಕ್ಸ್‌ಎಂಎಲ್‌ಗಿಂತ ಜಾಸ್ತಿ ಜೇಸನ್ ಎಂಬ ಇನ್ನೊಂದು ರೂಪದಲ್ಲೇ ಇರುತ್ತದೆ. ಸ್ಕ್ರಿಪ್ಟ್ ಅದನ್ನು ಬಿಡಿಸಿ, ಪುಟದಲ್ಲಿ ಬೇಕಾದ ಜಾಗವನ್ನಷ್ಟೇ ಬದಲಿಸುತ್ತದೆ. ಹೊಸದಾಗಿ ಬರೆಯುವವರು ಈಗ ಆ ಹಳೆಯ ತುಣುಕಿನ ಬದಲು ‘ಫೆಚ್’ ಬಳಸುತ್ತಾರೆ. ಕೆಲಸ ಅದೇ.

ನಮ್ಮ ‘ಮೈಸೂರು’ ದಾರಿಯಲ್ಲಿ ಹೇಗೆ ಕಾಣುತ್ತದೆ ಗೊತ್ತಾ? ಒಳಗೆ ಅದು ಆರು ಸಂಕೇತ: ಮೂರು ಅಕ್ಷರ, ಮೂರು ಸ್ವರಚಿಹ್ನೆ. ಯುಟಿಎಫ್-8 ಎಂಬ, ಬರಹವನ್ನು ಬೈಟ್‌ಗಳಾಗಿಸುವ ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 18. ವಿಳಾಸದಲ್ಲಿ ಸೇರಿಸಿ ಕಳಿಸುವಾಗ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರವಾಗುತ್ತದೆ. ಅಲ್ಲಿಗೆ 54 ಅಕ್ಷರ!

ಕಷ್ಟ ಬರುವುದು ಉತ್ತರಗಳು ಸರದಿ ತಪ್ಪಿದಾಗ. ‘ಮೈ’ ಎಂಬ ಪ್ರಶ್ನೆ ಮೊದಲು ಹೋಯಿತು, ‘ಮೈಸೂರು’ ಆಮೇಲೆ. ನೆಟ್‌ವರ್ಕ್‌ನಲ್ಲಿ ಮೊದಲಿನದು ತಡವಾಗಿ, ಎರಡನೆಯದರ ಉತ್ತರವೇ ಮುಂಚೆ ಬಂತು. ಸರಿಯಾದ ಪಟ್ಟಿ ಕಂಡಿತು. ಅಷ್ಟರಲ್ಲಿ ಹಳೆಯ ಉತ್ತರ ಬಂದು ಅದನ್ನು ಅಳಿಸಿ, ತನ್ನ ಪಟ್ಟಿ ಇಟ್ಟಿತು. ಪೆಟ್ಟಿಗೆಯಲ್ಲಿ ಮೈಸೂರು, ಕೆಳಗೆ ಇನ್ನೇನೋ. ಇದಕ್ಕೆ ಪ್ರತಿ ಪ್ರಶ್ನೆಗೂ ಒಂದು ನಂಬರ್ ಕೊಟ್ಟು, ಹಳೇ ನಂಬರಿನ ಉತ್ತರವನ್ನು ಬಿಸಾಡಬೇಕು. ಬೆರಳು ಒಂದರೆಕ್ಷಣ ನಿಲ್ಲುವ ತನಕ ಪ್ರಶ್ನೆ ಕಳಿಸದೆ ಇರುವುದು ಇನ್ನೊಂದು ಉಪಾಯ. ಸರ್ವರ್ ಮೇಲಿನ ಹೊರೆಯೂ ಕಡಿಮೆ.

ಇಷ್ಟಾದರೂ ಅಜಾಕ್ಸ್ ಬಂದದ್ದರಿಂದ ದೂರವೇನೂ ಕಡಿಮೆಯಾಗುವುದಿಲ್ಲ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ದಾರಿ ಹಿಡಿದರೂ ಸುಮಾರು 14,000 ಕಿಲೋಮೀಟರ್. ಹೋಗಿ ಬರಲು ಸೆಕೆಂಡಿನ ಏಳನೇ ಒಂದು ಭಾಗವಾದರೂ ಬೇಕೇ ಬೇಕು. ಹೊರುವ ಮೂಟೆ ಸಣ್ಣದಾಯಿತು ನಿಜ. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಬದಲಾವಣೆ ಅದಲ್ಲ. ಕಾಯುವುದು ನಮ್ಮ ಕಣ್ಣಿಗೆ ಬೀಳದ ಹಾಗಾಯಿತು.

ಕಣ್ಣಿಗೆ ಬೀಳದಿದ್ದರೆ ಅದೇ ಒಂದು ತೊಂದರೆ. ಇಡೀ ಪುಟ ಲೋಡ್ ಆಗುತ್ತಿದ್ದಾಗ ಚಕ್ರ ತಿರುಗಿಸುವುದು, ನೆಟ್ ಇಲ್ಲ ಎಂದು ಹೇಳುವುದು ಬ್ರೌಸರಿನ ಕೆಲಸವಾಗಿತ್ತು. ಈಗ ಅದೆಲ್ಲ ಪುಟ ಬರೆದವರ ಪಾಲಿಗೆ ಬಿದ್ದಿದೆ. ಅವರು ಮರೆತರೆ ಪುಟ ಗಪ್‌ಚಿಪ್. ಎಷ್ಟು ಹೊತ್ತು ಕಾಯಬೇಕು ಎಂದು ಅವರು ಗಡುವು ಹಾಕದಿದ್ದರೆ ಉತ್ತರದ ಸುದ್ದಿಯೇ ಇಲ್ಲದೆ ನಿಮಿಷಗಟ್ಟಲೆ ಸುಮ್ನೆ ಕಳೆಯಬಹುದು.

ಒಮ್ಮೆ ಒಂದು ಸೈಟಿನಲ್ಲಿ ಬಿಲ್ ಕಟ್ಟುವಾಗ ಬಟನ್ ಒತ್ತಿದೆ, ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಖಾತೆಯಿಂದ ಎರಡು ಸಲ ದುಡ್ಡು ಹೋಯಿತು. ಮೊದಲ ಒತ್ತಿಗೇ ಬಟನ್ ಬಣ್ಣ ಕಳೆದುಕೊಂಡು ‘ಕಳಿಸುತ್ತಿದ್ದೇವೆ’ ಎಂದಿದ್ದರೆ ಸಾಕಿತ್ತು, ಅಲ್ವಾ? ಸರ್ವರ್ ಕಡೆಯೂ ದಾರಿಯಿದೆ. ಒಂದು ಪಾವತಿಗೆ ಒಂದೇ ಗುರುತಿನ ಸಂಖ್ಯೆ ಕೊಟ್ಟರೆ, ಎರಡನೇ ಸಲ ಅದೇ ಬಂದಾಗ ‘ಇದು ಆಗಲೇ ಆಗಿದೆ’ ಎಂದು ತಿಳಿಯುತ್ತದೆ. ‘ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ’ ಎಂದು ಬೆದರಿಸುವ ಪುಟಗಳನ್ನು ಕಂಡರೆ ನನಗಂತೂ ಅನುಮಾನ.

ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಎಫ್12 ಒತ್ತಿ ನೋಡಿ. ‘ನೆಟ್‌ವರ್ಕ್’ ಎಂಬಲ್ಲಿ ಹೋಗಿ ಯಾವುದಾದರೂ ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪ್ ಮಾಡಿದರೆ ಪ್ರಶ್ನೆಗಳು ಒಂದರ ಹಿಂದೆ ಒಂದು ಹೊರಡುವುದು ಕಾಣುತ್ತದೆ. ಯಾವುದಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅನ್ನುವುದೂ ಪಕ್ಕದಲ್ಲೇ ಇರುತ್ತದೆ. ಅಲ್ಲೇ ‘ಆಫ್‌ಲೈನ್’ ಎಂಬ ಆಯ್ಕೆಯೂ ಇದೆ. ಅದನ್ನು ಆರಿಸಿ, ಪುಟದ ಯಾವುದಾದರೂ ಬಟನ್ ಒತ್ತಿ. ಕೆಲವು ಸೈಟುಗಳು ನೆಟ್ ಇಲ್ಲವೆಂದು ಕೂಡಲೇ ಹೇಳುತ್ತವೆ. ಇನ್ನು ಕೆಲವು ಚಕ್ರ ತಿರುಗಿಸುತ್ತಲೇ ಇರುತ್ತವೆ.