ಸಿನಿಮಾಗೆ ಅಂಕ ಹಾಕುವುದು ಯಾವ ಲೆಕ್ಕದಲ್ಲಿ?

ಸಿನಿಮಾವನ್ನು ಅಳೆಯಬೇಕಾದದ್ದು ಅದರ ತಂತ್ರದಿಂದಲೋ, ಜನರ ಮನಸ್ಸಿಗೆ ತಟ್ಟಿದ್ದರಿಂದಲೋ? ಈ ಜಗಳ ಹಳೆಯದು. 1929ರ ಮೇ 16ರಂದು ಮೊದಲ ಆಸ್ಕರ್ ಕೊಟ್ಟಾಗ ಚಿತ್ರಗಳಿಗೆ ದೊಡ್ಡ ಪ್ರಶಸ್ತಿ ಒಂದಲ್ಲ, ಎರಡಿದ್ದವು. ಒಂದು ಅತ್ಯುತ್ತಮ ಚಿತ್ರಕ್ಕೆ, ಇನ್ನೊಂದು ಕಲಾತ್ಮಕ ಚಿತ್ರಕ್ಕೆ. ಯುದ್ಧವಿಮಾನಗಳ ಕಥೆಯಾದ 'ವಿಂಗ್ಸ್' ಮೊದಲನೆಯದನ್ನು ಗೆದ್ದರೆ, ನಿರ್ದೇಶಕ ಮುರ್ನೌ ಅವರ 'ಸನ್‌ರೈಸ್' ಎರಡನೆಯದನ್ನು ಪಡೆಯಿತು. ಮುಂದಿನ ಸಲ ಎರಡನೆಯ ಪ್ರಶಸ್ತಿಯೇ ಇರಲಿಲ್ಲ. ತಮಾಷೆ ಏನೆಂದರೆ, 'ವಿಂಗ್ಸ್'ನಲ್ಲಿ ತಂತ್ರಕ್ಕೇನೂ ಕಮ್ಮಿ ಇರಲಿಲ್ಲ. ಕ್ಯಾಮೆರಾವನ್ನು ವಿಮಾನಕ್ಕೇ ಬಿಗಿದು ಶೂಟಿಂಗ್ ಮಾಡಿದ್ದರು.

ತಂತ್ರ ಬೇರೆ, ಜನರ ಮನಸ್ಸು ಬೇರೆ ಅಂತ ಗೆರೆ ಎಳೆಯುವುದು ಅಷ್ಟು ಸುಲಭವಲ್ಲ. ಅದು ರಷ್ಯಾದ ಚಿತ್ರ ನಿರ್ದೇಶಕ ಕುಲೆಶೊವ್‌ಗೆ ಇದಕ್ಕೂ ಮೊದಲೇ, 1920ರ ಸುಮಾರಿಗೆ, ಗೊತ್ತಾಗಿತ್ತು. ನಟನೊಬ್ಬನ ಭಾವವಿಲ್ಲದ ಮುಖದ ಶಾಟ್ ತೆಗೆದುಕೊಂಡರು. ಒಂದು ಕಡೆ ಅದರ ಬೆನ್ನಿಗೇ ಸೂಪಿನ ತಟ್ಟೆಯ ಶಾಟ್ ಜೋಡಿಸಿದರು, ಇನ್ನೊಂದು ಕಡೆ ಶವಪೆಟ್ಟಿಗೆ. ಅಬ್ಬಾ, ಎಂಥ ಗಾಢ ಯೋಚನೆ, ಎಂಥ ದುಃಖ ಅಂತ ನೋಡಿದವರು ನಟನನ್ನು ಹೊಗಳಿದರು ಎಂದು ಅವರ ಶಿಷ್ಯ, ನಿರ್ದೇಶಕ ಪುದೋವ್ಕಿನ್ ಬರೆದಿದ್ದಾರೆ. ಮುಖ ಮಾತ್ರ ಎರಡೂ ಕಡೆ ಅದೇ! ಜನ ಮೆಚ್ಚಿದ್ದು ಎಡಿಟಿಂಗನ್ನು, ಹೊಗಳಿದ್ದು ನಟನನ್ನು.

ಜಗಳ ಜೋರಾಗಿದ್ದು ಅಮೆರಿಕದಲ್ಲಿ. 1962ರಲ್ಲಿ ವಿಮರ್ಶಕ ಆಂಡ್ರ್ಯೂ ಸ್ಯಾರಿಸ್, ನಿರ್ದೇಶಕನನ್ನು ಅಳೆಯುವಾಗ ಮೊದಲು ನೋಡಬೇಕಾದದ್ದು ತಾಂತ್ರಿಕ ಹಿಡಿತ ಎಂದರು. ಮರುವರ್ಷ ಇನ್ನೊಬ್ಬ ವಿಮರ್ಶಕಿ ಪೌಲಿನ್ ಕೇಲ್ ಆ ವಾದವನ್ನು ಚಿಂದಿ ಮಾಡಿದರು. ಅಂಥ ಅಚ್ಚುಕಟ್ಟು ಬೇಕಾದದ್ದು ಸಾಧಾರಣ ಕೆಲಸಗಾರನಿಗೆ, ದೊಡ್ಡ ಕಲಾವಿದರು ಎಷ್ಟೋ ಸಲ ಅದನ್ನು ಮುರಿದೇ ಮುಂದೆ ಹೋಗುತ್ತಾರೆ ಎಂಬುದು ಅವರ ವಾದ. ಕೇಲ್ ಒಂದು ಸಿನಿಮಾವನ್ನು ಒಂದೇ ಸಲ ನೋಡುತ್ತಿದ್ದರಂತೆ. ನನ್ನ ಒಲವು ಕೇಲ್ ಕಡೆಗೇ, ಆದರೆ ಈ ಒಂದೇ ಸಲದ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಯಾಕೆಂದರೆ ಹಿಚ್‌ಕಾಕ್ ನಿರ್ದೇಶಿಸಿದ 'ವರ್ಟಿಗೋ' ಇದೆಯಲ್ಲ. ಎತ್ತರ ಕಂಡರೆ ತಲೆ ಸುತ್ತುವ ನಾಯಕ ಮೆಟ್ಟಿಲಿನಿಂದ ಕೆಳಗೆ ನೋಡುತ್ತಾನೆ. ನೆಲ ದೂರ ಓಡಿಹೋದಂತೆ ಕಾಣುತ್ತದೆ. ಹಿಚ್‌ಕಾಕ್ ಮೆಟ್ಟಿಲಿನ ಒಂದು ಮಾದರಿ ಮಾಡಿಸಿ, ಅಡ್ಡ ಮಲಗಿಸಿ, ಕ್ಯಾಮೆರಾ ಒಂದು ಕಡೆ ಸರಿದರೆ ಜೂಮ್ ಅದರ ವಿರುದ್ಧ ಹೋಗುವಂತೆ ಮಾಡಿದ್ದರು. ನೋಡುವವರಿಗೆ ಇದ್ಯಾವುದೂ ಗೊತ್ತಿರಬೇಕಿಲ್ಲ, ಹೊಟ್ಟೆಯೊಳಗೆ ಏನೋ ಜಾರಿದಂತಾದರೆ ಸಾಕು. ಆದರೂ 1958ರಲ್ಲಿ ಬಂದಾಗ ಚಿತ್ರಕ್ಕೆ ಸಿಕ್ಕಿದ್ದು ಮಿಶ್ರ ಪ್ರತಿಕ್ರಿಯೆ. 2012ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳಿಗಾಗಿ ನಡೆಸಿದ ವಿಮರ್ಶಕರ ಮತದಾನದಲ್ಲಿ ಅದೇ ಮೊದಲ ಸ್ಥಾನಕ್ಕೆ ಬಂತು. ಶಾಟ್ ಅದೇ, ನೋಡುವವರು ಬೇರೆ. ಹಾಗಾದರೆ ಯಾವ ಪ್ರೇಕ್ಷಕರನ್ನು ಲೆಕ್ಕಕ್ಕೆ ತಗೊಳ್ಳೋದು, ಹೇಳಿ?

2018ರ ಆಗಸ್ಟ್‌ನಲ್ಲಿ ಆಸ್ಕರ್ ಅಕಾಡೆಮಿ ಮತ್ತೆ ಎರಡು ಪೆಟ್ಟಿಗೆ ಮಾಡಲು ಹೊರಟಿತು. ಈ ಸಲ ಜನಪ್ರಿಯ ಚಿತ್ರಕ್ಕೇ ಬೇರೆ ಪ್ರಶಸ್ತಿ. ಯಾವುದು ಜನಪ್ರಿಯ ಅಂತ ಹೇಗೆ ತೀರ್ಮಾನಿಸುತ್ತೀರಿ ಅಂತ ಎಲ್ಲರೂ ಕೇಳಿದರು. ನಿಯಮ ಇನ್ನೂ ಹೇಳಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲೇ ಅದನ್ನು ಪಕ್ಕಕ್ಕಿಟ್ಟರು.