ಬಳಸದ ಸಿಎಸ್‌ಎಸ್ ಕತ್ತರಿಸುವ ಸಾಧನಗಳನ್ನು ಎಷ್ಟು ನಂಬಬಹುದು?

ವೆಬ್‌ಸೈಟ್ ನಿಧಾನವಾಗಿದೆ ಎಂಬ ದೂರು ಬಂದಾಗಲೆಲ್ಲ ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಕೇಳಿಬರುವ ಸಲಹೆಗಳಲ್ಲಿ, ಬಳಸದ ಸಿಎಸ್‌ಎಸ್ (ಪುಟದ ಬಣ್ಣ, ಅಕ್ಷರ, ಅಂತರಗಳ ನೋಟವನ್ನು ನಿರ್ಧರಿಸುವ ನಿಯಮಗಳು) ತೆಗೆಯಿರಿ ಎಂಬುದೂ ಒಂದು. ಸಾಮಾನ್ಯವಾಗಿ ಬ್ರೌಸರ್ ಆ ನಿಯಮಗಳ ಕಡತವಾದ ಸ್ಟೈಲ್‌ಶೀಟನ್ನು ಪೂರ್ತಿ ಓದುವ ತನಕ ಪುಟವನ್ನು ಪರದೆಗೆ ತರುವುದಿಲ್ಲವಾದ್ದರಿಂದ ಸಲಹೆಯಲ್ಲಿ ಹುರುಳಿದೆ. ಆದರೆ ಒಂದು ನಿಯಮ ಬಳಕೆಯಲ್ಲಿಲ್ಲ ಎಂದು ಯಂತ್ರ ತೀರ್ಮಾನಿಸುವ ಬಗೆಯಲ್ಲೇ ತೊಡಕಿದೆ.

1994ರಲ್ಲಿ ನಾರ್ವೆಯ ತಂತ್ರಜ್ಞ ಹೋಕನ್ ವಿಯುಮ್ ಲೀ ಮುಂದಿಟ್ಟ ಸಿಎಸ್‌ಎಸ್ 1996ರಲ್ಲಿ ಮಾನದಂಡವಾಯಿತು; 2011ರಲ್ಲಿ ಸಿದ್ಧ ನಿಯಮಗಳ ಸಂಗ್ರಹವಾದ ಬೂಟ್‌ಸ್ಟ್ರಾಪ್ ಬಂದ ಮೇಲೆ ನಾಲ್ಕು ಬಟನ್ ಬೇಕಿದ್ದವರೂ ಇಡೀ ಕಡತವನ್ನೇ ಸೇರಿಸಿಕೊಳ್ಳತೊಡಗಿದರು.

ಆ ಹೊರೆ ಇಳಿಸಲು ಬಂದ ಅನ್‌ಸಿಎಸ್‌ಎಸ್ ಎಂಬ ಸಾಧನ, ಕಿಟಕಿಯಿಲ್ಲದ ಬ್ರೌಸರಿನಲ್ಲಿ ಪುಟವನ್ನು ತೆರೆದು, ಅಲ್ಲಿ ಹೊಂದಿಕೆಯಾದ ನಿಯಮಗಳನ್ನಷ್ಟೇ ಉಳಿಸುತ್ತಿತ್ತು. ಯಾರೂ ಒತ್ತದ ಮೆನು, ತಪ್ಪು ತುಂಬಿದಾಗ ಮಾತ್ರ ಮೂಡುವ ಎಚ್ಚರಿಕೆ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಅನಂತರದ ಪರ್ಜ್‌ಸಿಎಸ್‌ಎಸ್ ಪುಟ ತೆರೆಯುವ ಗೋಜಿಗೇ ಹೋಗದೆ, ಟೆಂಪ್ಲೇಟು (ಪುಟದ ಅಚ್ಚು) ಮತ್ತು ಜಾವಾಸ್ಕ್ರಿಪ್ಟ್ (ಬ್ರೌಸರಿನಲ್ಲಿ ಓಡುವ ಕೋಡ್) ಕಡತಗಳನ್ನು ಬರೀ ಪಠ್ಯವಾಗಿ ಓದಿ, ಅಲ್ಲಿ ಕಂಡ ಪದಕ್ಕೆ ಹೊಂದುವ ಕ್ಲಾಸುಗಳನ್ನು, ಅಂದರೆ ನಿಯಮ ಪುಟದ ಯಾವ ಭಾಗಕ್ಕೆ ಎಂದು ಗುರುತಿಸುವ ಹೆಸರುಗಳನ್ನು, ಇಟ್ಟುಕೊಳ್ಳುತ್ತದೆ. ಇದು ಹೆಚ್ಚು ಸುರಕ್ಷಿತ ದಾರಿಯಾದರೂ, ಕ್ಲಾಸಿನ ಹೆಸರನ್ನು ಎರಡು ತುಂಡುಗಳಿಂದ ಜೋಡಿಸಿದ್ದರೆ ಅಥವಾ ಹೆಸರು ಡೇಟಾಬೇಸಿನಿಂದ ಬರುವಂತಿದ್ದರೆ ಇದಕ್ಕೂ ಕಾಣದು.

ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ತಾಣದಲ್ಲಿ ಇದರ ಪರಿಣಾಮ ಸ್ಪಷ್ಟ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗುಲದಿರಲೆಂದು ಕನ್ನಡಕ್ಕೆ ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸುವ ನಿಯಮವೊಂದಿದ್ದು, ಅದರ ಕ್ಲಾಸಿನ ಹೆಸರನ್ನು ಓದುಗರು ಆಯ್ದ ಭಾಷೆಯ ಸಂಕೇತ ಸೇರಿಸಿ ಜಾವಾಸ್ಕ್ರಿಪ್ಟ್ ರಚಿಸುತ್ತದೆ ಎಂದಿಟ್ಟುಕೊಳ್ಳೋಣ. ಸಾಧನ ಆ ನಿಯಮವನ್ನು ಅಳಿಸುತ್ತದೆ, ಇಂಗ್ಲಿಷ್ ಪುಟವನ್ನಷ್ಟೇ ನೋಡಿದ ಪರೀಕ್ಷಕರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಒತ್ತಕ್ಷರ ಕೆಳಸಾಲಿಗೆ ತಗುಲಿದ ಶೀರ್ಷಿಕೆ ಮಾತ್ರ ಕನ್ನಡ ಓದುಗರ ಪಾಲಿಗೆ ಉಳಿಯುತ್ತದೆ. (ಈ ನಗರದಲ್ಲಿ ಕನ್ನಡ ಪುಟದ ಪರೀಕ್ಷೆ ಕೊನೆಗೆ ಉಳಿಯುವುದು ಹೊಸದೇನಲ್ಲ.)

ಇದಕ್ಕೆ ಪರಿಹಾರವಾಗಿ ಬಂದದ್ದು, ಮುಟ್ಟಬಾರದ ಹೆಸರುಗಳನ್ನು ಕೈಯಾರೆ ಬರೆದಿಡುವ ಸೇಫ್‌ಲಿಸ್ಟ್. ಆ ಪಟ್ಟಿಗೆ ಸೇರಿಸುವವರು ಹಲವರು. ತೆಗೆಯುವ ಧೈರ್ಯ ಯಾರಿಗೂ ಇರುವುದಿಲ್ಲ. 2017ರಲ್ಲಿ ಕ್ರೋಮ್ ಬ್ರೌಸರಿಗೆ ಬಂದ, ಬಳಕೆಯಾಗದ ಕೋಡನ್ನು ತೋರಿಸುವ ಕವರೇಜ್ ಫಲಕದ ಕೆಂಪು ಭಾಗವನ್ನು ಹಲವರು ವ್ಯರ್ಥದ ಲೆಕ್ಕವೆಂದೇ ಓದುತ್ತಾರೆ. ಅದು ಆ ಪುಟದಲ್ಲಿ, ಆ ಕ್ಷಣದವರೆಗೆ ಬಳಕೆಯಾಗದ್ದನ್ನಷ್ಟೇ ತೋರಿಸುತ್ತದೆ.

2021ರ ಡಿಸೆಂಬರಿನಲ್ಲಿ ಬಂದ, ಟೇಲ್‌ವಿಂಡ್ ಎಂಬ ಸಿಎಸ್‌ಎಸ್ ಚೌಕಟ್ಟಿನ ಮೂರನೆಯ ಆವೃತ್ತಿ, ಮೊದಲು ಎಲ್ಲ ನಿಯಮ ಸೇರಿಸಿ ಆಮೇಲೆ ಕತ್ತರಿಸುವ ಕ್ರಮವನ್ನೇ ತಿರುಗಿಸಿ, ಕಂಡ ಹೆಸರುಗಳಿಗೆ ಮಾತ್ರ ನಿಯಮ ಹುಟ್ಟಿಸುವುದನ್ನು ರೂಢಿಯಾಗಿಸಿತು. ಹೆಸರು ಹುಡುಕುವುದು ಅಲ್ಲಿಯೂ ಪಠ್ಯದಲ್ಲೇ ಆದ್ದರಿಂದ, ಕ್ಲಾಸುಗಳನ್ನು ತುಂಡು ಜೋಡಿಸದೆ ಪೂರ್ತಿ ಬರೆಯಬೇಕೆಂಬ ಷರತ್ತು ಹಾಗೆಯೇ ಮುಂದುವರಿದಿದೆ.